ಖುಷಿಗೆ ಬುಟ್ಟಿ, ಸಿಟ್ಟಿಗೆ ಗುದ್ದಲಿ, ಬೇಸರಕ್ಕೆ ಜರಡಿ

ನವೆಂಬರ್ 1ರ ರಾಜ್ಯೋತ್ಸವಕ್ಕೆ ಅರ್ಧ ಗಂಟೆಯ ನಾಟಕ ಬರೆದುಕೊಡುತ್ತೇನೆಂದು ಮುಂಬಯಿಯ ನಮ್ಮ ಕನ್ನಡ ಸಂಘದವರಿಗೆ ಮಾತು ಕೊಟ್ಟಾಗಿದೆ. ಇವತ್ತು ಅಕ್ಟೋಬರ್ 5. ಆಫೀಸಿನಲ್ಲಿ ಬೈಸಿಕೊಂಡು, ದಾದರ್‌ನಲ್ಲಿ ಲೋಕಲ್ ಹತ್ತಿ, ಡೊಂಬಿವಲಿವರೆಗೆ ಒಂಟಿ ಕಾಲಲ್ಲಿ ನಿಂತು ಬಂದು, ಊಟ ಮುಗಿಸಿ ನೋಟ್‌ಬುಕ್ ತೆರೆದರೆ ತಲೆ ಖಾಲಿ. ‘ಮೂಡ್ ಇಲ್ಲ’ ಎಂದು ಮುಚ್ಚಿಡುವುದು ಸುಲಭ. ಆದರೆ ಈ ಊರಿನಲ್ಲಿ ಮೂಡ್ ಬರಲಿ ಎಂದು ಕಾದವರ ನಾಟಕ ಮುಂದಿನ ರಾಜ್ಯೋತ್ಸವಕ್ಕೂ ಆಗುವುದಿಲ್ಲ.

ನಾಟಕವೋ, ಹೋಟೆಲಿಗೊಂದು ಹೊಸ ತಿಂಡಿಯೋ, ಆಫೀಸಿನ ಡಿಸೈನೋ, ಹೊಸದನ್ನು ಯೋಚಿಸುವುದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ಹಾಕಿಕೊಳ್ಳುವುದು ಒಂದು. ಒಂದೇ ಕಡೆ ಆಳಕ್ಕೆ ಅಗೆಯುವುದು ಇನ್ನೊಂದು. ಜರಡಿ ಹಿಡಿದು ಜೊಳ್ಳು ತೆಗೆಯುವುದು ಮತ್ತೊಂದು. ಮೂರಕ್ಕೂ ಒಂದೇ ಮನಸ್ಥಿತಿ ಒಗ್ಗುವುದಿಲ್ಲ. ಆದ್ದರಿಂದ ಬಂದಿರುವ ಭಾವವನ್ನು ಓಡಿಸಲು ಹೆಣಗುವ ಬದಲು ಅದರ ಕೈಗೆ ಸರಿಯಾದ ಸಾಮಾನು ಕೊಡಬೇಕು. ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಅರ್ಧ ಸತ್ಯ

‘ಖುಷಿಯಾಗಿದ್ದರೇ ಹೊಸದು ಹೊಳೆಯುವುದು’ ಎಂಬ ಮಾತಿಗೆ ಆಧಾರವಿದೆ. ಒಂದು ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಪೆಟ್ಟಿಗೆ ತುಂಬ ಡ್ರಾಯಿಂಗ್ ಪಿನ್ನು ಕೊಟ್ಟು, ಮೇಣ ಮೇಜಿನ ಮೇಲೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಎನ್ನುವ ಹಳೆಯ ಒಗಟೊಂದಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡಂಕರ್ ರೂಪಿಸಿದ್ದು. ಪಿನ್ನುಗಳನ್ನು ಸುರಿದು, ಖಾಲಿ ಪೆಟ್ಟಿಗೆಯನ್ನೇ ಗೋಡೆಗೆ ಚುಚ್ಚಿ ಅದರ ಮೇಲೆ ಬತ್ತಿ ನಿಲ್ಲಿಸಬೇಕು. ಪೆಟ್ಟಿಗೆ ಎಂದರೆ ಪಿನ್ನಿಡುವ ಜಾಗ ಎಂದು ಕಣ್ಣು ಒಪ್ಪಿಕೊಂಡುಬಿಟ್ಟಿರುವುದರಿಂದ ಬಹಳ ಮಂದಿಗೆ ಇದು ಹೊಳೆಯುವುದಿಲ್ಲ. 1987ರಲ್ಲಿ ಆಲಿಸ್ ಐಸೆನ್ ಮತ್ತು ಜೊತೆಗಾರರು ಕೆಲವರಿಗೆ ಮೊದಲು ಕೆಲವು ನಿಮಿಷ ಹಾಸ್ಯದ ಸಿನಿಮಾ ತೋರಿಸಿ ಆಮೇಲೆ ಈ ಒಗಟು ಕೊಟ್ಟರು. ನಕ್ಕು ಬಂದವರಲ್ಲಿ ಬಿಡಿಸಿದವರು ಬಹಳ ಹೆಚ್ಚು.

ಇನ್ನರ್ಧ ಸತ್ಯ ಹೊರಬಂದದ್ದು ಆಮೇಲೆ. 2008ರಲ್ಲಿ ನೆದರ್‌ಲ್ಯಾಂಡ್ಸಿನ ಬಾಸ್, ಡಿ ಡ್ರೂ, ನೈಸ್ಟಾಡ್ ಎಂಬ ಮೂವರು ಅಷ್ಟರವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಭಾವ ಹಿತವೋ ಅಹಿತವೋ ಎಂಬುದರಷ್ಟೇ ಅದರ ಕಾವೂ, ಅಂದರೆ ಅದು ಮೈಮನಸ್ಸನ್ನು ಎಷ್ಟು ಬಡಿದೆಬ್ಬಿಸುತ್ತದೆ ಎಂಬುದೂ, ಮುಖ್ಯವೆಂದು ಕಂಡಿತು. ಉಲ್ಲಾಸಕ್ಕೆ ಕಾವಿದೆ, ನೆಮ್ಮದಿಗೆ ಇಲ್ಲ. ಎರಡೂ ಹಿತವೇ, ಆದರೆ ಹೊಸ ಯೋಚನೆಗೆ ತಳ್ಳುವುದು ಉಲ್ಲಾಸ. ಅದು ಮನಸ್ಸನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿಸುತ್ತದೆ. ಅದೇ ಗುಂಪಿನವರು ವಿವರಿಸುವಂತೆ, ಸಿಟ್ಟಿನಂಥ ಕಾವಿನ ಅಹಿತ ಭಾವ ಬೇರೆ ದಾರಿಯಲ್ಲಿ ಕೆಲಸಕ್ಕೆ ಬರುತ್ತದೆ: ಒಂದೇ ವಿಷಯವನ್ನು ಬಿಡದೆ ಹಿಡಿಯುವ ಹಟವಾಗಿ. ಭಾನುವಾರ ಮಧ್ಯಾಹ್ನ ಊಟವಾಗಿ ಫ್ಯಾನಿನ ಕೆಳಗೆ ನೆಮ್ಮದಿಯಾಗಿ ಕೂತಾಗ ಏನೂ ಹೊಳೆಯದಿರುವುದು ನಿಮ್ಮ ದೋಷವಲ್ಲ. ನಿದ್ದೆ ಮಾಡಿ.

ಎರಡು ಅಂಕೆ, ಒಂದು ಪದ

ಬೇಕಾದ್ದು ಇನ್ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಫೋನಿನ ಟೈಮರ್. ಕೆಲಸಕ್ಕೆ ಕೂರುವ ಮೊದಲು ಎರಡು ನಿಮಿಷದಲ್ಲಿ ಮೂರು ಸಂಗತಿ ಬರೆಯಿರಿ. ಕಾವು 0ಯಿಂದ 10ರೊಳಗೆ ಎಷ್ಟು? ಹಿತ ಮೈನಸ್ 5ರಿಂದ ಪ್ಲಸ್ 5ರೊಳಗೆ ಎಷ್ಟು? ಈ ಭಾವದ ಹೆಸರೇನು?

ಅಂಕೆ ಸುಲಭ, ಹೆಸರು ಕಷ್ಟ. ಮುಂಬಯಿಯಲ್ಲಿ ನಾವೆಲ್ಲ ಎಲ್ಲದಕ್ಕೂ ‘ಟೆನ್ಷನ್’ ಎನ್ನುತ್ತೇವೆ. ಆ ಒಂದು ಪದದ ಕೆಳಗೆ ಐದಾರು ಬೇರೆ ಭಾವಗಳು ಅಡಗಿ ಕೂತಿರುತ್ತವೆ. ಭರತನ ನಾಟ್ಯಶಾಸ್ತ್ರ ನೆಲೆನಿಲ್ಲುವ 8 ಸ್ಥಾಯಿಭಾವಗಳ ಜೊತೆಗೆ ಬಂದು ಹೋಗುವ 33 ಸಂಚಾರಿಭಾವಗಳನ್ನು ಪಟ್ಟಿ ಮಾಡಿದೆ. ಯಕ್ಷಗಾನದವರಿಗೆ, ಭರತನಾಟ್ಯ ಕಲಿತವರಿಗೆ ಇದು ಗೊತ್ತಿರುವ ಪಟ್ಟಿ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ. ಏನೋ ಕೆಟ್ಟದ್ದಾದೀತು ಎಂಬ ಅನುಮಾನ ಶಂಕೆ. ಬಾಡಿಗೆಯ ಅಗ್ರಿಮೆಂಟ್ ಮುಗಿಯುತ್ತಿದೆ ಎಂದು ಮನಸ್ಸು ಸುತ್ತುತ್ತಲೇ ಇರುವುದು ಚಿಂತೆ. ಟ್ರೇನ್ ತಪ್ಪೀತೆಂದು ಸೇತುವೆ ಮೇಲೆ ಓಡುವಾಗಿನದು ಆವೇಗ. ನಾಲ್ಕು ಜನರ ಮುಂದೆ ತಪ್ಪಾಡಿ ಮುಖ ಕೆಂಪಾಗುವುದು ವ್ರೀಡೆ. ಅವಮಾನ ಸಹಿಸಲಾರದೆ ತಿರುಗಿ ಕೊಡಬೇಕೆನ್ನಿಸುವುದು ಅಮರ್ಷ. ಮಾಡಿ ಮಾಡಿ ಸಾಕಾಗಿ ‘ಯಾತಕ್ಕೆ ಇದೆಲ್ಲ’ ಎನ್ನಿಸುವುದು ನಿರ್ವೇದ. (ತ್ರಾಸ ಎಂಬುದೂ ಪಟ್ಟಿಯಲ್ಲಿದೆ. ಇಲ್ಲಿಯ ನಮ್ಮ ಕನ್ನಡದಲ್ಲಿ ಅದು ಮರಾಠಿಯ ‘ತೊಂದರೆ’ ಆಗಿಬಿಟ್ಟಿದೆ; ಭರತನಲ್ಲಿ ಅದು ಬೆಚ್ಚಿಬೀಳುವುದು.)

ಹೆಸರಿಡುವುದರಿಂದಲೇ ಭಾವ ಒಂದಿಷ್ಟು ಕೈಗೆ ಸಿಗುತ್ತದೆ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಅಥವಾ ಭಯದ ಮುಖ ನೋಡಿ ಆ ಭಾವದ ಹೆಸರು ಆರಿಸಿದವರ ಮಿದುಳಿನಲ್ಲಿ ಅಮಿಗ್ಡಲಾದ ಚಟುವಟಿಕೆ ತಗ್ಗಿತ್ತು. ಅಪಾಯದ ಗಂಟೆ ಬಾರಿಸುವ ಭಾಗ ಅದು. ಹೆಸರು ಒಂದೇ ಪದವಾಗಿರಲಿ. ಅರ್ಧ ಪುಟ ವಿವರಣೆ ಬರೆಯತೊಡಗಿದರೆ ಅದು ಹೆಸರಿಡುವುದಲ್ಲ, ಗಾಯ ಕೆದಕುವುದು.

ಈಗ ಅಂಕೆ ನೋಡಿ ಕೆಲಸ ಆರಿಸಿ. ಹಿತ ಪ್ಲಸ್ ಇದ್ದು ಕಾವು 5ರಿಂದ 8ರೊಳಗಿದ್ದರೆ ಬುಟ್ಟಿ. ಹಿತ ಮೈನಸ್, ಕಾವು 6ರಿಂದ 8 ಇದ್ದರೆ ಗುದ್ದಲಿ. ಹಿತ ಸ್ವಲ್ಪವೇ ಮೈನಸ್, ಕಾವು 3ರ ಆಚೀಚೆ ಇದ್ದರೆ ಜರಡಿ. 9 ದಾಟಿದ್ದರೆ ಮೊದಲು ಕಾವಿಳಿಸಬೇಕು. 2ಕ್ಕಿಂತ ಕೆಳಗಿದ್ದರೆ ಏರಿಸಬೇಕು, ಇಲ್ಲವೇ ಮಲಗಬೇಕು. ಈ ಗಡಿಗಳು ಅಂದಾಜಿನವು. ಎರಡು ವಾರ ಬರೆದಿಟ್ಟರೆ ನಿಮ್ಮ ಗಡಿ ನಿಮಗೇ ಕಾಣುತ್ತದೆ.

ಕಾವು ಇಳಿಸುವುದು, ಏರಿಸುವುದು

ಇಳಿಸಲು ಉಸಿರು. ಮೂಗಿನಿಂದ 4 ಎಣಿಸುತ್ತ ಒಳಕ್ಕೆ, 6 ಎಣಿಸುತ್ತ ಹೊರಕ್ಕೆ. ನಿಮಿಷಕ್ಕೆ 6 ಉಸಿರಾಯಿತು, 5 ನಿಮಿಷ ಸಾಕು. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ, ಅದಕ್ಕೇ ಹೊರಬಿಡುವ ಪಾಲು ಉದ್ದ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎದೆ ತುಂಬ ದೊಡ್ಡ ದೊಡ್ಡ ಉಸಿರೆಳೆಯುವುದು. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳು ಜುಮುಗುಟ್ಟುತ್ತದೆ. ಮಾಮೂಲಿನಷ್ಟೇ ಉಸಿರು, ನಿಧಾನವಾಗಿ. ಕಾವು ಮೊದಲೇ 3 ಇದ್ದವರು ಇದನ್ನು ಮಾಡಿದರೆ ತೂಕಡಿಸುತ್ತಾರೆ.

ಏರಿಸಲು ನಡಿಗೆ, 10 ನಿಮಿಷ. ಸ್ಟ್ಯಾನ್‌ಫರ್ಡ್‌ನ ಒಪೆಝೊ ಮತ್ತು ಶ್ವಾರ್ಟ್ಜ್ 2014ರಲ್ಲಿ ತೋರಿಸಿದಂತೆ, ಕೂತಾಗಿನದಕ್ಕಿಂತ ನಡೆಯುವಾಗ ಒಂದು ವಸ್ತುವಿಗೆ ಹೊಸ ಉಪಯೋಗಗಳು ಹೆಚ್ಚು ಹೊಳೆಯುತ್ತವೆ. ಬೋಳು ಗೋಡೆಯ ಮುಂದೆ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಹೀಗೇ ಆಯಿತು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಅದು ಉಳಿಯಿತು. ಹಾಗಾಗಿ ಮಾಟುಂಗಾದ ಫೈವ್ ಗಾರ್ಡನ್ಸ್ ಹತ್ತಿರವಿದ್ದರೆ ಪುಣ್ಯ, ಇಲ್ಲದಿದ್ದರೆ ಜುಲೈ ಮಳೆಯಲ್ಲಿ ಬಿಲ್ಡಿಂಗಿನ ಪ್ಯಾಸೇಜೂ ನಡೆಯುತ್ತದೆ. ಆದರೆ ಒಂದೇ ಸರಿ ಉತ್ತರ ಹುಡುಕುವ ಒಗಟಿಗೆ ಅದೇ ಅಧ್ಯಯನದಲ್ಲಿ ನಡಿಗೆ ನೆರವಾಗಲಿಲ್ಲ. ನಡೆಯುತ್ತ ಹುಡುಕಿ, ಆರಿಸುವುದನ್ನು ಕೂತು ಮಾಡಿ.

ಕಾಯಿಸಲಿಕ್ಕೆಂದು ರೀಲ್ಸ್ ನೋಡುವುದು ಬೇಡ. ಕಾವೇನೋ ಏರುತ್ತದೆ, ಆದರೆ ಗಮನ ಅಲ್ಲೇ ಉಳಿಯುತ್ತದೆ.

ಬುಟ್ಟಿ

ಟೈಮರ್ 20 ನಿಮಿಷ. ಗುರಿ 30 ಹೊಳಹು. ಸಂಖ್ಯೆ ಹಾಕುತ್ತ ಒಂದರ ಕೆಳಗೊಂದು ಬರೆಯಿರಿ, ಯಾವುದನ್ನೂ ಹೊಡೆದು ಹಾಕಬೇಡಿ.

ಅಭ್ಯಾಸಕ್ಕೆ ಅಮೆರಿಕದ ಜೆ. ಪಿ. ಗಿಲ್‌ಫರ್ಡ್ ಬಳಕೆಗೆ ತಂದ ಪರೀಕ್ಷೆಯ ಮಾದರಿ ಒಳ್ಳೆಯದು: ಒಂದು ಸಾಮಾನ್ಯ ವಸ್ತುವಿಗೆ ಎಷ್ಟು ಉಪಯೋಗ? ಅವರ ಕಾಲದಿಂದ ಇಟ್ಟಿಗೆ ಪ್ರಸಿದ್ಧ. ನಮಗೆ ಸ್ಟೀಲ್ ಟಿಫಿನ್ ಡಬ್ಬಿ ಇರಲಿ. 1ರಿಂದ 8ರವರೆಗೆ ಎಲ್ಲರದೂ ಒಂದೇ: ಊಟ, ತಿಂಡಿ, ಚಿಲ್ಲರೆ, ಗುಂಡಿ-ಸೂಜಿ, ಮಸಾಲೆ, ಮಾತ್ರೆ, ಮೊಳೆ, ಪೆನ್ಸಿಲ್. 9ರಿಂದ 13ರ ಹೊತ್ತಿಗೆ ಕೈ ನಿಲ್ಲುತ್ತದೆ. ‘ಮುಗಿಯಿತು, ನನಗೆ ಇಷ್ಟೇ’ ಎನ್ನಿಸುತ್ತದೆ. ಇಲ್ಲಿ ಬಂದಿರುವುದು ಹೊಳಹಿನ ಬರ ಅಲ್ಲ, ಜಡತೆ ಮತ್ತು ವ್ರೀಡೆ. ಅಂಚಿನಲ್ಲಿ ಆ ಪದ ಬರೆದು, ವಸ್ತುವನ್ನು ಬಿಡಿಸಿ ನೋಡಿ: ಸದ್ದು, ಹೊಳಪು, ಅಂಚು, ತೂಕ, ಬಾಯಿ. ಸದ್ದಿನಿಂದ: ಭಜನೆಗೆ ತಾಳ. ಹೊಳಪಿನಿಂದ: ಗಡ್ಡ ಕೆರೆಯಲು ಕನ್ನಡಿ. ಅಂಚಿನಿಂದ: ಶಂಕರಪೋಳಿ ಹಿಟ್ಟು ಗುಂಡಗೆ ಕತ್ತರಿಸಲು. ತೂಕದಿಂದ: ಗಾಳಿಗೆ ಹಾರುವ ಕ್ಯಾಲೆಂಡರಿಗೆ ಕಟ್ಟಲು. ಬಾಯಿಂದ: ಬಾಲ್ಕನಿಯಲ್ಲಿಟ್ಟು ಮಳೆ ಅಳೆಯಲು. ಇಪ್ಪತ್ತು ದಾಟಿದ ಮೇಲೆ ಬರುವವು ನಿಮ್ಮವೇ. ಪಟ್ಟಿ ಮುಂದುವರಿದಂತೆ ಉತ್ತರಗಳು ಅಪರೂಪದವಾಗುತ್ತ ಹೋಗುತ್ತವೆಂಬುದು 1950ರ ದಶಕದಿಂದಲೂ ಮತ್ತೆ ಮತ್ತೆ ಕಂಡ ಸಂಗತಿ. ನಮಗೆ ಮಾತ್ರ ಕೊನೆಕೊನೆಗೆ ಗುಣ ಇಳಿಯುತ್ತಿದೆ ಎಂಬ ಭ್ರಮೆ. 12ನೆಯದರಲ್ಲಿ ಪೆನ್ನು ಕೆಳಗಿಡುವವರೇ ಹೆಚ್ಚು. ಅವರಿಗೆ ಬೇಕಿರುವುದು ಪ್ರತಿಭೆಯಲ್ಲ, ಆ ಮೂರು ನಿಮಿಷದ ಮುಜುಗರ ತಡೆದುಕೊಳ್ಳುವ ರೂಢಿ.

ಪಟ್ಟಿ ಮುಗಿದ ಮೇಲೆ ಎದ್ದುಹೋಗಿ. ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು, ಹುರಳಿಕಾಯಿ ನಾರು ತೆಗೆಯುವುದು: ಕೈಗೆ ಕೆಲಸ, ತಲೆಗೆ ಬಿಡುವು. ಗ್ರಹಾಂ ವಾಲಸ್ 1926ರಲ್ಲೇ ಹೊಸ ಯೋಚನೆಯ ನಾಲ್ಕು ಹಂತ ಹೇಳುವಾಗ, ಸಿದ್ಧತೆಗೂ ಹೊಳೆಯುವುದಕ್ಕೂ ನಡುವೆ ಕಾವು ಕೂರುವ ಹಂತವೊಂದನ್ನು ಇಟ್ಟಿದ್ದ. ಕೋಳಿಯ ಕಾವು ಅದು, ನಮ್ಮ ಅಂಕೆಯ ಕಾವಲ್ಲ.

ಗುದ್ದಲಿ

ಸಿಟ್ಟಿಗೆ ಎರಡು ಗುಣ: ಜೋರಾಗಿ ಹೊರಡುತ್ತದೆ, ಬೇಗ ಮುಗಿಯುತ್ತದೆ. ಸಿಟ್ಟಿನಲ್ಲಿರುವವರು ಮೊದಮೊದಲು ಹೆಚ್ಚು ಹೊಳಹು ಕೊಟ್ಟು ಆಮೇಲೆ ಬೇಗ ಸೋಲುತ್ತಾರೆಂದು ಮೇಲೆ ಹೇಳಿದ ಡಚ್ಚರ ಗುಂಪೇ 2011ರಲ್ಲಿ ತೋರಿಸಿತು. ಆದ್ದರಿಂದ 15 ನಿಮಿಷಕ್ಕಿಂತ ಹೆಚ್ಚು ಬೇಡ, ಮತ್ತು ಹರಡಿದ ಕೆಲಸ ಬೇಡ. ನಾಟಕದಲ್ಲಿ ಸಿಕ್ಕಿಬಿದ್ದ ಒಂದೇ ಗಂಟು ಆರಿಸಿ. ಉದಾಹರಣೆಗೆ, ಎರಡನೇ ದೃಶ್ಯದಲ್ಲಿ ನಾಯಕ ಮನೆ ಬಿಟ್ಟು ಯಾಕೆ ಹೋಗುತ್ತಾನೆ?

ಮೊದಲ 3 ನಿಮಿಷ ಸಿಟ್ಟಿನ ಕಾರಣವನ್ನೇ ಬರೆಯಿರಿ, ‘ಏಕೆಂದರೆ’ ಮೂರು ಸಲ ಬರಬೇಕು. ‘ಎಲ್ಲರ ಮುಂದೆ ಬೈದರು. ಸಿಟ್ಟು ಬಂತು, ಏಕೆಂದರೆ ತಪ್ಪು ನನ್ನದಲ್ಲ. ಏಕೆಂದರೆ ಹೇಳಲು ಬಿಡಲಿಲ್ಲ. ಏಕೆಂದರೆ ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ.’ ಮೂರನೆಯ ‘ಏಕೆಂದರೆ’ ಬಹುತೇಕ ತನ್ನ ಕಡೆಗೇ ತಿರುಗುತ್ತದೆ, ನಾಟಕಕ್ಕೆ ಬೇಕಾದ ಕಚ್ಚಾ ಸಾಮಾನು ಅದು. ಮನೆ ಬಿಡುವ ನಾಯಕ ಯಾರೋ ಬೈದದ್ದಕ್ಕೆ ಹೋಗುವುದಿಲ್ಲ. ಬೈಯುವಾಗ ತಾನು ಸುಮ್ಮನಿದ್ದದ್ದನ್ನು ಮಗಳು ನೋಡಿದಳು, ಅದಕ್ಕೆ ಹೋಗುತ್ತಾನೆ. ಉಳಿದ 12 ನಿಮಿಷ ಆ ದೃಶ್ಯ ಬರೆಯಿರಿ. ಬೈದವರ ಹೆಸರು, ಹುದ್ದೆ, ಮೀಸೆ ಯಾವುದನ್ನೂ ಪಾತ್ರಕ್ಕೆ ಹಚ್ಚಬೇಡಿ. ಸೇಡು ಬಂದ ಕೂಡಲೇ ಪಾತ್ರ ಸಾಯುತ್ತದೆ.

ದಿಂಬಿಗೆ ಗುದ್ದಿದರೆ, ವಾಟ್ಸಾಪ್ ಗುಂಪಿನಲ್ಲಿ ಉಗಿದರೆ ಸಿಟ್ಟು ಇಳಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಸಿಟ್ಟು ಬರಿಸಿದವರನ್ನೇ ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಸುಮ್ಮನೆ ಕೂತವರಿಗಿಂತ ಹೆಚ್ಚಿತ್ತೆಂದು ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ತೋರಿಸಿದ್ದಾರೆ.

ತಿಂಗಳುಗಳಿಂದ ಕಾಡುವ ಹಳೆಯ ನೋವಿದ್ದರೆ ಬೇರೆ ಕ್ರಮವಿದೆ: ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ರೂಪಿಸಿದಂತೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಯಾರಿಗೂ ತೋರಿಸದ ಬರವಣಿಗೆ. ಬರೆದು ಎದ್ದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದುಂಟು. ಆ ನಾಲ್ಕು ದಿನ ಬುಟ್ಟಿ ಹಿಡಿಯಬೇಡಿ.

ಮುಚ್ಚಿಡುವುದರ ಖರ್ಚು

ಸಂಚಾರಿಭಾವಗಳಲ್ಲಿ ಅವಹಿತ್ಥ ಎಂಬುದೊಂದಿದೆ: ಒಳಗಿನದನ್ನು ಮುಖದಲ್ಲಿ ತೋರಗೊಡದಿರುವುದು. ಭರತ ಇದನ್ನೂ ಒಂದು ಭಾವವೆಂದೇ ಎಣಿಸಿದ್ದು ಸೂಕ್ಷ್ಮ. ಮುಚ್ಚಿಡುವುದು ಪುಕ್ಕಟೆಯಲ್ಲ. ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಖದಲ್ಲಿ ಏನೂ ಕಾಣದಂತೆ ತಡೆಹಿಡಿದು ನೋಡಿದವರಿಗೆ ನೋಡಿದ್ದೇ ಸರಿಯಾಗಿ ನೆನಪುಳಿಯಲಿಲ್ಲ. ಮುಖ ಕಾಯುವುದಕ್ಕೇ ಗಮನ ಖರ್ಚಾಗುತ್ತದೆ. ಹೊಸದು ಹುಟ್ಟಬೇಕಾದದ್ದು ಅದೇ ಗಮನದಿಂದ, ಅದೇ ನೆನಪಿನಿಂದ. ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ನಗುಮುಖ ಹಿಡಿದು ಕೂತ ಹೋಟೆಲಿನವರಿಗೆ ರಾತ್ರಿ ಏನೂ ಹೊಳೆಯದಿರುವುದಕ್ಕೆ ಇದೂ ಒಂದು ಕಾರಣ.

ಮುಚ್ಚುವ ಬದಲು ಅರ್ಥ ತಿರುಗಿಸಬೇಕು. ಗ್ರೀನ್‌ರೂಮಿನಲ್ಲಿ ಎದೆ ಹೊಡೆದುಕೊಳ್ಳುವಾಗ ‘ಸಮಾಧಾನ, ಸಮಾಧಾನ’ ಎಂದುಕೊಂಡರೆ ಕೇಳದು, 9ರಲ್ಲಿರುವ ಕಾವು ಮಾತಿಗೆ 3ಕ್ಕೆ ಇಳಿಯುವುದಿಲ್ಲ. ‘ಇದು ಹುರುಪು’ ಎನ್ನಿ, ಗಟ್ಟಿಯಾಗಿ, ಒಂದು ಸಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಹಾಡು, ಭಾಷಣ, ಲೆಕ್ಕ ಮೂರರಲ್ಲೂ ಇದು ಕೆಲಸ ಮಾಡಿದ್ದನ್ನು ಕಂಡರು. ಹೆದರಿಕೆಗೂ ಹುರುಪಿಗೂ ಮೈಯಲ್ಲಿ ಆಗುವುದು ಹೆಚ್ಚುಕಡಿಮೆ ಒಂದೇ, ಹೆಸರಷ್ಟೇ ಬೇರೆ.

ಇದನ್ನು ಕ್ಷಣಾರ್ಧದಲ್ಲಿ ಮಾಡಬೇಕಾದವರು, ಯಕ್ಷಗಾನದ ಕಥೆಯನ್ನು ಕೂತು ಮಾತಿನಲ್ಲೇ ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಬರೆದ ಮಾತಿಲ್ಲ. ಹಾಡುವ ಭಾಗವತರ ಪದ್ಯ ನಿಂತ ಕೂಡಲೇ ಅರ್ಥ ಹೊರಡಬೇಕು. ಮಳೆಗಾಲದಲ್ಲಿ ಮುಂಬಯಿಯ ಸಭಾಗೃಹಗಳಲ್ಲಿ ಕೂಟಕ್ಕೆ ಹೋದವರು ನೋಡಿಯೇ ಇರುತ್ತೀರಿ: ಎದುರಿನವರ ಒಂದು ಕೊಂಕು ತಾಗಿ ಕರ್ಣನ ಸಿಟ್ಟು ಕಲಾವಿದನ ಸ್ವಂತ ಸಿಟ್ಟಾದ ಕ್ಷಣದಿಂದ ಮಾತು ಬಡವಾಗುತ್ತದೆ. ಹೇಳಿದ್ದನ್ನೇ ದನಿ ಏರಿಸಿ ಹೇಳತೊಡಗುತ್ತಾರೆ. ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳಿದ ಏಳು ರಸವಿಘ್ನಗಳಲ್ಲಿ, ಅಂದರೆ ರಸ ಸವಿಯಲು ಬರುವ ಅಡ್ಡಿಗಳಲ್ಲಿ, ತನ್ನ ಸ್ವಂತ ಸುಖದುಃಖಕ್ಕೆ ವಶವಾಗುವುದೂ ಒಂದು. ಅವನು ಅದನ್ನು ಹೇಳಿದ್ದು ಸಹೃದಯನಿಗೆ, ಅಂದರೆ ನೋಡಿ ಸವಿಯುವವನಿಗೆ; ಅರ್ಥಧಾರಿಗೂ ತಪ್ಪದೆ ಹೊಂದುತ್ತದೆ.

ಅಭ್ಯಾಸ ಹೀಗೆ. ಎದುರಿನವರ ಕೊನೆಯ ಪದವನ್ನು ಒಪ್ಪಿಕೊಂಡೇ ಹಿಡಿಯಿರಿ, ಒಂದು ಉಸಿರು ಬಿಡಿ, ಆ ಪದದ ಇನ್ನೊಂದು ಮುಖ ಹುಡುಕಿ. ಕರ್ಣನ ಸಾರಥಿಯಾದ ಮದ್ರರಾಜ ಶಲ್ಯ ಹಂಗಿಸುತ್ತಾನೆ: ‘ಎಷ್ಟಾದರೂ ಸೂತಪುತ್ರನಲ್ಲವೆ ನೀನು!’ ತಡೆದುಕೊಂಡ ಕರ್ಣ ಸುಮ್ಮನಾಗುತ್ತಾನೆ. ಸಿಡಿದ ಕರ್ಣ ತನ್ನ ಪರಾಕ್ರಮ ಕೊಚ್ಚುತ್ತಾನೆ. ಅರ್ಥ ತಿರುಗಿಸಿದ ಕರ್ಣ ಹೇಳುತ್ತಾನೆ: ‘ಸೂತ. ಹೌದು. ರಥ ಹೊಡೆಯುವವರು ಸೂತರು. ಈಗ ಈ ರಥದಲ್ಲಿ ಬಿಲ್ಲು ಹಿಡಿದು ನಿಂತವನು ನಾನು. ವಾಘೆ ಹಿಡಿದು ಮುಂದೆ ಕುಳಿತವರು ಯಾರು, ಮದ್ರೇಶ್ವರಾ?’ ‘ಹೌದು’ ಎಂಬ ಒಂದು ಪದ ಎರಡು ಸೆಕೆಂಡ್ ಕೊಡುತ್ತದೆ, ಅಷ್ಟರಲ್ಲಿ ಅಮರ್ಷ ಕೈಗೆ ಬರುತ್ತದೆ. ಜೊತೆಗಾರರೊಬ್ಬರನ್ನು ಕೂರಿಸಿಕೊಂಡು ದಿನಕ್ಕೆ ಹತ್ತು ಕೊಂಕು ಹಾಕಿಸಿಕೊಳ್ಳಿ. ಮೊದಲ ವಾರ ಆರೇಳಕ್ಕೆ ಬರೀ ‘ಹೌದು’ ಬಂದು ಮುಂದೆ ಏನೂ ಬರದಿದ್ದರೂ ಚಿಂತಿಲ್ಲ.

ಜರಡಿ

ಲಘುವಾದ ಬೇಸರ ವಿವರಗಳನ್ನು ಚೆನ್ನಾಗಿ ನೋಡುತ್ತದೆ. ಜೋಸೆಫ್ ಫೊರ್ಗಾಸ್ ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ ಇದರ ಮೇಲೆಯೇ. ಖುಷಿಯಲ್ಲಿದ್ದಾಗ ಎಲ್ಲ ಹೊಳಹೂ ಬಂಗಾರವಾಗಿ ಕಾಣುತ್ತದೆ, ಅದಕ್ಕೇ ಬುಟ್ಟಿ ತುಂಬಿದ ದಿನವೇ ಜರಡಿ ಹಿಡಿಯಬಾರದು. 30ರಲ್ಲಿ 3 ಉಳಿಸಿ. ಪ್ರತಿಯೊಂದಕ್ಕೂ ಕೇಳಬೇಕಾದ್ದು ಇಷ್ಟು: ಇದನ್ನು ಬೇರೆಯವರೂ ಯೋಚಿಸಿರುತ್ತಾರೆಯೇ? ನಮ್ಮ ಹತ್ತಿರವಿರುವ ಜನ, ದುಡ್ಡು, ದಿನಗಳಲ್ಲಿ ಆಗುತ್ತದೆಯೇ? ಬಿಟ್ಟರೆ ಬೇಜಾರಾಗುತ್ತದೆಯೇ? ಕೊನೆಯದಕ್ಕೆ ‘ಹೌದು’ ಬಂದರೆ ಇನ್ನೊಮ್ಮೆ ನೋಡಿ.

‘ಇದು ಸಾಲದು’ ಎಂದು ಬರೆಯುತ್ತಿದ್ದ ಕೈ ‘ನಾನು ಸಾಲದು’ ಎಂದು ಬರೆಯತೊಡಗಿದರೆ ಜರಡಿ ಕೆಳಗಿಡಿ. ಹಿತ ಮೈನಸ್ 4 ಆದಾಗ ಕಾಳೂ ಜೊಳ್ಳಾಗಿ ಕಾಣುತ್ತದೆ. ಅಂಥ ದಿನಗಳು ಎರಡು ವಾರ ಬಿಡದೆ ನಡೆದರೆ, ನಿದ್ದೆ ಊಟ ಕೆಟ್ಟರೆ, ಅದು ಈ ನೋಟ್‌ಬುಕ್ಕಿನ ಕೆಲಸವಲ್ಲ. ಡಾಕ್ಟರನ್ನು ನೋಡಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕಲಾವಿದರಾದ ಮೇಲೆ ಒಳಗೊಳಗೇ ನರಳಬೇಕು, ಔಷಧಿ ತಗೊಂಡರೆ ಪ್ರತಿಭೆ ಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಸಂಘದ ಸಭೆಯಲ್ಲಿ

ಹತ್ತು ಜನ ಸುತ್ತ ಕೂತು ‘ಐಡಿಯಾ ಹೇಳಿ’ ಎಂದರೆ ಇಬ್ಬರು ಮಾತಾಡುತ್ತಾರೆ, ಎಂಟು ಜನ ಚಹಾ ಕುಡಿಯುತ್ತಾರೆ. ಗುಂಪಾಗಿ ಯೋಚಿಸುವುದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. ಒಬ್ಬೊಬ್ಬರೇ ಬರೆದು ಒಟ್ಟುಹಾಕಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆಂದು ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ತೋರಿಸಿದರು. ತನ್ನ ಸರದಿ ಕಾಯುವಷ್ಟರಲ್ಲಿ ಹೊಳೆದದ್ದು ಆರಿಹೋಗುತ್ತದೆ. ನಮ್ಮಲ್ಲಿ ಇದರ ಮೇಲೆ ಹಿರಿಯರ ಮುಂದಿನ ವ್ರೀಡೆ ಬೇರೆ.

ಪೋಸ್ಟ್‌ಕಾರ್ಡ್ ಅಳತೆಯ ಚೀಟಿ, ತಲೆಗೆ ಐದು. ಏಳು ನಿಮಿಷ ಯಾರೂ ಮಾತಾಡಬಾರದು, ಚೀಟಿಗೊಂದೇ ಹೊಳಹು, ಹೆಸರು ಹಾಕಬಾರದು. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಕಲಸಿ, ಅತ್ಯಂತ ಕಿರಿಯರು ಗಟ್ಟಿಯಾಗಿ ಓದಲಿ. ಓದುವಾಗ ‘ಇದು ಹೋದ ಸಲವೇ ಆಗಿದೆ’ ಎಂಬ ಮಾತಿಗೆ ಅವಕಾಶವಿಲ್ಲ. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರೂ ಬೇರೆಯವರ ಒಂದು ಚೀಟಿ ಎತ್ತಿಕೊಂಡು ಅದರ ಬೆನ್ನಿಗೆ ಒಂದು ಸಾಲು ಸೇರಿಸಲಿ. ಅಧ್ಯಕ್ಷರು ಕೊನೆಯಲ್ಲಿ ಮಾತಾಡಲಿ. ಆರಿಸುವುದು ಮುಂದಿನ ಸಭೆಗೆ ಇರಲಿ. ಅಲ್ಲಿಯವರೆಗೆ ಡಬ್ಬಿ ಖಜಾಂಚಿಯವರ ಹತ್ತಿರ, ಬೀಗ ಹಾಕಿ.